ಪಾದವ್ರಣದ ಅಂಕ ಹಣೆಬರಹವಲ್ಲ

ಸಕ್ಕರೆ ಕಾಯಿಲೆ, ಸಿಹಿಮೂತ್ರ ರೋಗ, ಮಧುಮೇಹ ಎಂದು ನಾನಾ ಹೆಸರುಗಳಿಂದ ಕರೆಯಲ್ಪಡುವ ವ್ಯಾಧಿಯ ಪರಿಚಯವಿಲ್ಲದ ಮನೆ ಇಂದು ನಮ್ಮ ನಾಡಿನಲ್ಲಿ ವಿರಳ. ಅದು ಕಣ್ಣನ್ನು ಕೆಡಿಸುತ್ತದೆ, ಮೂತ್ರಪಿಂಡವನ್ನು ಬಾಧಿಸುತ್ತದೆ, ಹೃದಯಕ್ಕೆ ಅಪಾಯ ತರುತ್ತದೆ ಎಂಬುದನ್ನು ಬಹುಮಂದಿ ಬಲ್ಲರು. ಅದು ಮನುಷ್ಯನ ಕಾಲನ್ನೇ ಕಸಿದುಕೊಳ್ಳಬಲ್ಲುದೆಂಬ ಸಂಗತಿ ಮಾತ್ರ, ಮನೆಯವರೊಬ್ಬರ ಅಂಗಾಲಿನಲ್ಲಿ ಹುಣ್ಣಾಗಿ, ಅದು ಮಾಯದೆ ಕಪ್ಪಾಗುವವರೆಗೆ, ನಮ್ಮ ಗಮನಕ್ಕೆ ಬರುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ, 2021ರಲ್ಲಿ ನಮ್ಮ ದೇಶದಲ್ಲಿದ್ದ ಮಧುಮೇಹಿಗಳು ಸುಮಾರು 10.1 ಕೋಟಿ. ಪಟ್ಟಣಗಳ ವಯಸ್ಕರಲ್ಲಿ ನೂರಕ್ಕೆ 16.4 ಮಂದಿಗೂ ಹಳ್ಳಿಗಳ ವಯಸ್ಕರಲ್ಲಿ ನೂರಕ್ಕೆ 8.9 ಮಂದಿಗೂ ಈ ರೋಗವುಂಟು. ಇದು ಪಟ್ಟಣದ ಸುಖಜೀವಿಗಳ ಕಾಯಿಲೆ ಎಂಬ ಹಳೆಯ ನಂಬಿಕೆಗೆ ಇನ್ನು ಆಧಾರವಿಲ್ಲ. ಮಧುಮೇಹಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಪಾದದಲ್ಲಿ ಹುಣ್ಣಾಗುವ ಸಂಭವ ನೂರಕ್ಕೆ 19ರಿಂದ 34ರವರೆಗೆ ಇದೆಯೆಂದು 2017ರಲ್ಲಿ ಪ್ರಕಟವಾದ ಪ್ರಸಿದ್ಧ ವಿಮರ್ಶೆಯೊಂದು ಲೆಕ್ಕ ಹಾಕಿದೆ. ಈ ಎರಡು ಸಂಖ್ಯೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಪಾದದ ಹುಣ್ಣು ಅಪರೂಪದ ದುರ್ದೈವವಲ್ಲವೆಂಬುದು ಸ್ಪಷ್ಟವಾಗುತ್ತದೆ.

ಇಂತಹ ಹುಣ್ಣು ಉಲ್ಬಣಿಸಿದಾಗ ರೋಗಿಯೂ ಅವನ ಮನೆಯವರೂ ಕೇಳುವ ಪ್ರಶ್ನೆ ಒಂದೇ: “ಕಾಲು ಉಳಿಯುತ್ತದೆಯೇ?” ಈ ಪ್ರಶ್ನೆಗೆ ಉತ್ತರ ಹೇಳಲು ವೈದ್ಯವಿಜ್ಞಾನವು ಕಳೆದ ಐದು ದಶಕಗಳಲ್ಲಿ ಅನೇಕ ವರ್ಗೀಕರಣಗಳನ್ನೂ ಅಂಕಪದ್ಧತಿಗಳನ್ನೂ ರಚಿಸಿದೆ. ಹುಣ್ಣನ್ನು ಪರೀಕ್ಷಿಸಿ ಅದಕ್ಕೆ ಇಷ್ಟು ಅಂಕವೆಂದು ಬರೆದು, ಇಷ್ಟು ಅಂಕದ ಹುಣ್ಣು ಮುಂದೆ ಏನಾಗುವುದೆಂದು ಊಹಿಸುವುದೇ ಇವುಗಳ ಕ್ರಮ. ಈ ಅಂಕವು ಬಹು ಉಪಯುಕ್ತವಾದ ಸಾಧನವೆಂದೂ, ಹಾಸನ ಜಿಲ್ಲೆಯ ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಅದನ್ನು ಮೊದಲ ದಿನವೇ ಬರೆದಿಡಬೇಕೆಂದೂ ನಮ್ಮ ಅಭಿಪ್ರಾಯ. ಆದರೆ ಅದು ರೋಗಿಯನ್ನು ಸಕಾಲಕ್ಕೆ ಸರಿಯಾದ ಸ್ಥಳಕ್ಕೆ ತಲುಪಿಸುವುದಕ್ಕೆ ಇರತಕ್ಕದ್ದು. ಅವನ ಕಾಲಿನ ಮೇಲೆ ತೀರ್ಪು ಕೊಡುವುದಕ್ಕಲ್ಲ. ಹೀಗೆ ಹೇಳಲು ನಮಗಿರುವ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಹುಣ್ಣಿನ ಹುಟ್ಟು

ಮಧುಮೇಹಿಯ ಪಾದದ ಹುಣ್ಣಿಗೆ ಮೂರು ಮೂಲಗಳು. ಮೊದಲನೆಯದು ನರಗಳ ಹಾನಿ. ಬಹುಕಾಲ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದ್ದರೆ ಅತ್ಯಂತ ಉದ್ದವಾದ ನರಗಳು, ಎಂದರೆ ಪಾದಗಳಿಗೆ ಹೋಗುವ ನರಗಳು, ಮೊದಲು ಕೆಡುತ್ತವೆ. ಕಾಲು ಜೋಮು ಹಿಡಿದಂತಾಗುತ್ತದೆ, ಉರಿಯುತ್ತದೆ, ಕೊನೆಗೆ ಯಾವ ಅರಿವೂ ಇಲ್ಲದಂತಾಗುತ್ತದೆ. ಚಪ್ಪಲಿ ಕಾಲಿನಿಂದ ಕಳಚಿದರೂ ತಿಳಿಯದು. ಮುಳ್ಳು ನೆಟ್ಟರೂ ತಿಳಿಯದು. ಎರಡನೆಯದು ಶುದ್ಧರಕ್ತನಾಳಗಳು ಕಿರಿದಾಗುವುದು. ರಕ್ತವಿಲ್ಲದ ಕಡೆ ಗಾಯ ಮಾಯಲಾರದು. ಕೊಟ್ಟ ಔಷಧವೂ ಅಲ್ಲಿಗೆ ತಲುಪಲಾರದು. ಬೀಡಿ ಸಿಗರೇಟುಗಳ ಹೊಗೆ ಈ ಹಾನಿಯನ್ನು ಬಹಳ ಹೆಚ್ಚಿಸುತ್ತದೆ. ಮೂರನೆಯದು ಸೋಂಕು. ತೆರೆದ ಗಾಯದ ಮೂಲಕ ಒಳಹೊಕ್ಕ ರೋಗಾಣುಗಳು ಸ್ನಾಯುರಜ್ಜುಗಳ ಜಾಡು ಹಿಡಿದು ಮೇಲಕ್ಕೇರಿ, ಮೂಳೆಗೂ ಇಳಿಯುತ್ತವೆ.

ನೋವು ಒಂದು ಶಾಪವೆಂದು ನಾವು ಭಾವಿಸುತ್ತೇವೆ. ಅದು ಕಾವಲುಗಾರನೆಂಬುದನ್ನು ವೈದ್ಯಲೋಕಕ್ಕೆ ಮನವರಿಕೆ ಮಾಡಿಕೊಟ್ಟವರಲ್ಲಿ ಡಾಕ್ಟರ್ ಪಾಲ್ ಬ್ರಾಂಡ್ ಪ್ರಮುಖರು. ದಕ್ಷಿಣ ಭಾರತದಲ್ಲಿಯೇ 1914ರಲ್ಲಿ ಹುಟ್ಟಿದ ಅವರು 1946ರಿಂದ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಕುಷ್ಠರೋಗಿಗಳ ಕೈಕಾಲುಗಳನ್ನು ಪರೀಕ್ಷಿಸಿ, ಬೆರಳುಗಳು ತಾವಾಗಿಯೇ ಕೊಳೆತು ಬೀಳುವುದಿಲ್ಲ, ಸ್ಪರ್ಶಜ್ಞಾನವಿಲ್ಲದುದರಿಂದ ದಿನದಿನವೂ ಆಗುವ ಗಾಯಗಳೇ ಅವುಗಳನ್ನು ಸವೆಸುತ್ತವೆ ಎಂದು ತೋರಿಸಿದರು. 1966ರಲ್ಲಿ ಅಮೆರಿಕದ ಕಾರ್ವಿಲ್ ಎಂಬಲ್ಲಿಗೆ ಹೋದ ಮೇಲೆ ಇದೇ ತತ್ತ್ವ ಮಧುಮೇಹಿಯ ಪಾದಕ್ಕೂ ಅನ್ವಯಿಸಿತು. ಮೆತ್ತನೆಯ ಅಟ್ಟೆಯ ಪಾದರಕ್ಷೆ, ಹುಣ್ಣಿನ ಮೇಲೆ ಭಾರ ಬೀಳದಂತೆ ಕಾಲಿಗೆ ಹಾಕುವ ಪ್ಲಾಸ್ಟರಿನ ಕಟ್ಟು, ಇವೆರಡೂ ಕುಷ್ಠರೋಗದ ಚಿಕಿತ್ಸೆಯಿಂದ ಮಧುಮೇಹದ ಚಿಕಿತ್ಸೆಗೆ ಬಂದ ಕೊಡುಗೆಗಳು.

ಈಗ ನಮ್ಮ ಜಿಲ್ಲೆಯನ್ನು ನೋಡಿ. ಮುಂಗಾರಿಗೆ ಮುಂಚೆ ಆಲೂಗೆಡ್ಡೆಯ ಹೊಲದಲ್ಲಿ ಬರಿಗಾಲಿನಲ್ಲಿ ದುಡಿಯುವ ಹಾಸನದ ರೈತ, ರಾಮನಾಥಪುರದ ಕಡೆ ಹೊಗೆಸೊಪ್ಪು ಬೆಳೆಯುವ ಅರಕಲಗೂಡಿನ ಕೃಷಿಕ, ಹೇಮಾವತಿಯ ನಾಲೆಯ ಕೆಸರುಗದ್ದೆಗೆ ಇಳಿಯುವ ಹೊಳೆನರಸೀಪುರದ ಕೂಲಿಯಾಳು, ಗರಿ ಮಟ್ಟೆಗಳು ಬಿದ್ದ ತೆಂಗಿನ ತೋಟದಲ್ಲಿ ಓಡಾಡುವ ಚನ್ನರಾಯಪಟ್ಟಣದ ಗೃಹಿಣಿ, ಇವರೆಲ್ಲರ ಪಾದವೂ ನೆಲವನ್ನು ನೇರವಾಗಿ ಮುಟ್ಟುತ್ತದೆ. ದೇವಾಲಯಗಳಲ್ಲಂತೂ ಪಾದರಕ್ಷೆಯನ್ನು ಹೊರಗೆ ಬಿಡುವುದು ಸಂಪ್ರದಾಯ. ದೀಪಾವಳಿಯ ಸುಮಾರಿಗೆ ವರ್ಷಕ್ಕೊಮ್ಮೆ ಕೆಲವೇ ದಿನ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನಕ್ಕೆ ಜನರು ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತಾರೆ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಂಡೆಯಲ್ಲಿಯೇ ಕಡೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಏರಬೇಕು. ಬೇಸಗೆಯ ಮಧ್ಯಾಹ್ನ ಆ ಕರಿಗಲ್ಲು ಕಾದಾಗ ಆರೋಗ್ಯವಂತನು ಕಾಲನ್ನು ಎತ್ತೆತ್ತಿ ಇಟ್ಟು ಓಡುತ್ತಾನೆ; ಸ್ಪರ್ಶಜ್ಞಾನ ಕಳೆದುಕೊಂಡವನು ನಿಧಾನವಾಗಿ ನಡೆದು, ಸಂಜೆ ಮನೆಯಲ್ಲಿ ಅಂಗಾಲಿನ ಬೊಬ್ಬೆಯನ್ನು ಕಾಣುತ್ತಾನೆ. ಭಕ್ತಿಗೆ ಇಲ್ಲಿ ದೋಷವಿಲ್ಲ. ಬೆಳಗಿನ ತಂಪಿನಲ್ಲಿ ಏರುವುದು, ದಪ್ಪ ಕಾಲುಚೀಲ ತೊಡುವುದು, ಇಳಿದ ಕೂಡಲೆ ಅಂಗಾಲನ್ನು ನೋಡಿಕೊಳ್ಳುವುದು, ಇಷ್ಟು ಎಚ್ಚರ ಸಾಕು.

ಅಳತೆಗೋಲುಗಳು

ಹುಣ್ಣುಗಳನ್ನು ದರ್ಜೆಗಳಾಗಿ ವಿಂಗಡಿಸುವ ಪದ್ಧತಿಗಳಲ್ಲಿ ಬಹಳ ಪ್ರಚಾರ ಪಡೆದದ್ದು ಮೆಗಿಟ್ ಮತ್ತು ವಾಗ್ನರ್ ಅವರದು. 1976ರಲ್ಲಿ ಮೆಗಿಟ್ ಸೂಚಿಸಿ, 1981ರಲ್ಲಿ ವಾಗ್ನರ್ ಪ್ರಸಿದ್ಧಿಗೆ ತಂದ ಈ ಕ್ರಮದಲ್ಲಿ ಸೊನ್ನೆಯಿಂದ 5ರವರೆಗೆ ಆರು ದರ್ಜೆಗಳು. ಹುಣ್ಣಿಲ್ಲದಿದ್ದರೂ ಅಪಾಯವಿರುವ ಪಾದ ಸೊನ್ನೆ, ಮೇಲ್ಮೈಯ ಹುಣ್ಣು 1, ಆಳವಾದದ್ದು 2, ಕೀವುಗಟ್ಟಿ ಮೂಳೆಗೆ ಸೋಂಕು ತಗುಲಿದ್ದು 3, ಪಾದದ ಮುಂಭಾಗದಲ್ಲಿ ಗ್ಯಾಂಗ್ರೀನ್ ಆದದ್ದು 4, ಇಡೀ ಪಾದವೇ ಕೊಳೆತದ್ದು 5. ನೆನಪಿನಲ್ಲಿಡಲು ಇದು ಸುಲಭ. ಆದರೆ ರಕ್ತಸಂಚಾರವನ್ನು ಪ್ರತ್ಯೇಕವಾಗಿ ಗುರುತಿಸಲು ಇದರಲ್ಲಿ ಎಡೆಯಿಲ್ಲ. ಮೇಲ್ಮೈಯ ಸಣ್ಣ ಹುಣ್ಣಾದರೂ ಕಾಲಿಗೆ ರಕ್ತವೇ ಬಾರದಿದ್ದರೆ ಅದು ಭಯಂಕರವಾದದ್ದು. ವಾಗ್ನರ್ ಕ್ರಮದಲ್ಲಿ ಅದು ಬರಿಯ 1ನೆಯ ದರ್ಜೆ.

ಈ ಕೊರತೆಯನ್ನು 1996ರಲ್ಲಿ ಪ್ರಕಟವಾದ ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ರಮವು ತುಂಬಿತು. ಅದರಲ್ಲಿ ಆಳವನ್ನು ಒಂದು ದಿಕ್ಕಿನಲ್ಲಿಯೂ, ಸೋಂಕು ಮತ್ತು ರಕ್ತಾಭಾವಗಳನ್ನು ಇನ್ನೊಂದು ದಿಕ್ಕಿನಲ್ಲಿಯೂ ಇಟ್ಟು ಕೋಷ್ಟಕವನ್ನು ರಚಿಸಿದರು. 1998ರಲ್ಲಿ 360 ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿದಾಗ, ಸೋಂಕೂ ರಕ್ತಾಭಾವವೂ ಒಟ್ಟಿಗೆ ಇದ್ದವರಲ್ಲಿ ಪಾದದ ನಡುವಿನಿಂದ ಅಥವಾ ಅದಕ್ಕೂ ಮೇಲಿನಿಂದ ಅಂಗಚ್ಛೇದನವಾಗುವ ಸಂಭವ, ಅಷ್ಟು ಮುಂದುವರಿಯದ ಹುಣ್ಣಿನವರಿಗಿಂತ ಸುಮಾರು 90 ಪಟ್ಟು ಹೆಚ್ಚಾಗಿದ್ದಿತು. ಎರಡು ಕೇಡುಗಳು ಕೂಡಿದಾಗ ಅಪಾಯವು ಎಷ್ಟು ವೇಗವಾಗಿ ಬೆಳೆಯುತ್ತದೆ ಎಂಬುದಕ್ಕೆ ಇದೇ ನಿದರ್ಶನ.

2008ರಲ್ಲಿ ಬಂದ ಸಿನ್‌ಬ್ಯಾಡ್ ಎಂಬ ಅಂಕಪದ್ಧತಿ ನಮ್ಮ ತಾಲ್ಲೂಕುಗಳಿಗೆ ಹೆಚ್ಚು ಹೊಂದಿಕೆಯಾಗುವಂತಹುದು. ಇಂಗ್ಲೆಂಡ್, ಜರ್ಮನಿ, ಟಾಂಜಾನಿಯ, ಪಾಕಿಸ್ತಾನ ಎಂಬ ನಾಲ್ಕು ದೇಶಗಳ ರೋಗಿಗಳಲ್ಲಿ ಇದನ್ನು ಪರಿಶೀಲಿಸಲಾಯಿತು. ಇದರಲ್ಲಿ ಆರೇ ಪ್ರಶ್ನೆಗಳು. ಹುಣ್ಣು ಪಾದದ ಮುಂಭಾಗದಲ್ಲಿದೆಯೇ, ಅಥವಾ ನಡುವಿನಲ್ಲಿ, ಹಿಮ್ಮಡಿಯಲ್ಲಿ ಇದೆಯೇ? ಪಾದದ ನಾಡಿ ಒಂದಾದರೂ ಬೆರಳಿಗೆ ಸಿಕ್ಕುತ್ತದೆಯೇ? ಸ್ಪರ್ಶಜ್ಞಾನ ಉಳಿದಿದೆಯೇ? ಸೋಂಕು ಇದೆಯೇ? ವಿಸ್ತೀರ್ಣ ಒಂದು ಚದರ ಸೆಂಟಿಮೀಟರನ್ನು ಮುಟ್ಟಿದೆಯೇ? ಆಳವು ಸ್ನಾಯು ಅಥವಾ ಸ್ನಾಯುರಜ್ಜುವಿನವರೆಗೆ ಹೋಗಿದೆಯೇ? ಕೆಟ್ಟ ಉತ್ತರವೊಂದಕ್ಕೆ ಒಂದು ಅಂಕ. ಮೊತ್ತ 3 ಅಥವಾ ಅದಕ್ಕೂ ಹೆಚ್ಚಾದರೆ ಹುಣ್ಣು ಮಾಯಲು ಹೆಚ್ಚು ಕಾಲ ಹಿಡಿಯುತ್ತದೆಂದು ಕಂಡುಬಂದಿತು. ಇದಕ್ಕೆ ಬೇಕಾದ ಉಪಕರಣಗಳು ವೈದ್ಯನ ಕಣ್ಣು, ಬೆರಳು, ಅಳತೆಪಟ್ಟಿ ಹಾಗೂ ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆ, ಇಷ್ಟೇ. ರಕ್ತನಾಳಗಳ ಶಸ್ತ್ರವೈದ್ಯರು 2014ರಲ್ಲಿ ರೂಪಿಸಿದ ಮತ್ತೊಂದು ಪದ್ಧತಿಯಲ್ಲಿ ಗಾಯ, ರಕ್ತಾಭಾವ, ಸೋಂಕು ಎಂಬ ಮೂರಕ್ಕೂ ಸೊನ್ನೆಯಿಂದ 3ರವರೆಗೆ ದರ್ಜೆ ಕೊಡುತ್ತಾರೆ. ಅದಕ್ಕೆ ಹರಡಿನ ಮತ್ತು ಕಾಲ್ಬೆರಳಿನ ರಕ್ತದ ಒತ್ತಡವನ್ನು ಅಳೆಯುವ ಸಾಧನ ಬೇಕು. ಅದು ದೊಡ್ಡ ಆಸ್ಪತ್ರೆಗೆ ತಕ್ಕದ್ದು.

ಸಂಖ್ಯೆ ಊರಿಂದ ಊರಿಗೆ ಬದಲಾಗುವ ಬಗೆ

ಇಲ್ಲಿ ಕಾಲೇಜು ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸೂಕ್ಷ್ಮವುಂಟು. ಹುಣ್ಣಿನೊಳಗೆ ಕ್ರಿಮಿರಹಿತವಾದ ಲೋಹದ ಸಲಾಕೆಯನ್ನು ಮೆಲ್ಲನೆ ಹಾಯಿಸಿ, ಅದು ಗಟ್ಟಿಯಾದ ಮೂಳೆಗೆ ತಗುಲುತ್ತದೆಯೇ ಎಂದು ನೋಡುವ ಪರೀಕ್ಷೆಯೊಂದಿದೆ. ತಗುಲಿದರೆ ಮೂಳೆಗೆ ಸೋಂಕಾಗಿರಬಹುದೆಂದು ಊಹಿಸುತ್ತಾರೆ. ಉಲ್ಬಣ ಸ್ಥಿತಿಯಲ್ಲಿ ಆಸ್ಪತ್ರೆಗೆ ಸೇರಿದ್ದ ರೋಗಿಗಳಲ್ಲಿ 1995ರಲ್ಲಿ ಪರೀಕ್ಷಿಸಿದಾಗ, ಸಲಾಕೆ ತಗುಲಿದವರಲ್ಲಿ ನೂರಕ್ಕೆ 89 ಮಂದಿಗೆ ಮೂಳೆಯ ಸೋಂಕು ನಿಜವಾಗಿಯೂ ಇದ್ದಿತು. ಹೊರರೋಗಿಗಳನ್ನು ಒಳಗೊಂಡ 2007ರ ಅಧ್ಯಯನದಲ್ಲಿ ಇದೇ ಸಂಖ್ಯೆ 57ಕ್ಕೆ ಇಳಿಯಿತು. ಸಲಾಕೆ ಅದೇ, ಮೂಳೆಯೂ ಅದೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂದಿತು?

ಕಾಗದ ಸೀಸದಕಡ್ಡಿ ತೆಗೆದುಕೊಂಡು ಲೆಕ್ಕ ಮಾಡಿ ನೋಡೋಣ. 2007ರ ಅಧ್ಯಯನದಂತೆ, ಮೂಳೆಯ ಸೋಂಕಿರುವ ನೂರು ಮಂದಿಯಲ್ಲಿ ಈ ಪರೀಕ್ಷೆ 87 ಮಂದಿಯನ್ನು ಹಿಡಿಯುತ್ತದೆ. ಸೋಂಕಿಲ್ಲದ ನೂರು ಮಂದಿಯಲ್ಲಿ 9 ಮಂದಿಯ ಮೇಲೆ ತಪ್ಪಾಗಿ ಬೆರಳು ತೋರಿಸುತ್ತದೆ. ಹೊರರೋಗಿಗಳ ವಿಭಾಗಕ್ಕೆ ಬಂದ ನೂರು ಹುಣ್ಣುಗಳಲ್ಲಿ 12ಕ್ಕೆ ಮಾತ್ರ ಮೂಳೆಯ ಸೋಂಕಿದೆಯೆನ್ನಿ. ಪರೀಕ್ಷೆಯು ಆ 12ರಲ್ಲಿ ಸುಮಾರು 10ನ್ನು ಹಿಡಿಯುತ್ತದೆ. ಉಳಿದ 88ರಲ್ಲಿ ಸುಮಾರು 8ನ್ನು ತಪ್ಪಾಗಿ ಹಿಡಿಯುತ್ತದೆ. ಸಲಾಕೆ ತಗುಲಿದ 18ರಲ್ಲಿ ನಿಜವಾದದ್ದು ಹತ್ತೇ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಈಗ ಅದೇ ಸಲಾಕೆಯನ್ನು, ನೂರರಲ್ಲಿ 66 ಮಂದಿಗೆ ಮೂಳೆಯ ಸೋಂಕಿರುವ ದೊಡ್ಡಾಸ್ಪತ್ರೆಯ ವಾರ್ಡಿಗೆ ಒಯ್ಯಿರಿ. ನಿಜವಾಗಿ ಹಿಡಿದದ್ದು ಸುಮಾರು 57. ತಪ್ಪಾಗಿ ಹಿಡಿದದ್ದು 3. ಇಲ್ಲಿ ಸಲಾಕೆಯ ಮಾತು ನೂರಕ್ಕೆ 95ರಷ್ಟು ಸತ್ಯ. ಪರೀಕ್ಷೆಯೊಂದರ ಮಾತಿಗೆ ಎಷ್ಟು ಬೆಲೆಯೆಂಬುದು, ಅದನ್ನು ಯಾರ ಮೇಲೆ ಪ್ರಯೋಗಿಸುತ್ತೇವೆ ಎಂಬುದನ್ನು ಅವಲಂಬಿಸಿದೆ.

ಅಂಕಪದ್ಧತಿಗಳಿಗೂ ಇದೇ ನ್ಯಾಯ. ಟೆಕ್ಸಾಸಿನಲ್ಲಿಯೋ ಜರ್ಮನಿಯಲ್ಲಿಯೋ ಇಂತಹ ಅಂಕದವರಲ್ಲಿ ಇಷ್ಟು ಮಂದಿ ಕಾಲು ಕಳೆದುಕೊಂಡರೆಂಬ ಸಂಖ್ಯೆಯನ್ನು ಅರಕಲಗೂಡಿನ ರೋಗಿಯ ಮೇಲೆ ಹಾಗೆಯೇ ಹೊರಿಸಲಾಗದು. ಅಲ್ಲಿನವರು ಹುಣ್ಣಾದ ಎಷ್ಟನೆಯ ದಿನ ವೈದ್ಯರ ಬಳಿಗೆ ಬಂದರು, ಅವರ ಬಳಿ ಪಾದರಕ್ಷೆಯಿದ್ದಿತೇ, ರಕ್ತನಾಳದ ತಡೆಯನ್ನು ತೆರೆಯುವ ವೈದ್ಯರು ಎಷ್ಟು ಹತ್ತಿರದಲ್ಲಿದ್ದರು, ಎಂಬುದೆಲ್ಲ ಆ ಸಂಖ್ಯೆಯೊಳಗೆ ಅಡಗಿ ಕುಳಿತಿದೆ. ಹಾಸನ ಜಿಲ್ಲೆಗೆ ಹಾಸನ ಜಿಲ್ಲೆಯದೇ ಲೆಕ್ಕ ಬೇಕು.

ಮಳೆಯ ಮುನ್ಸೂಚನೆ, ಕಾಲಿನ ಮುನ್ಸೂಚನೆ

ಇದಕ್ಕಿಂತಲೂ ಗಂಭೀರವಾದ ಇನ್ನೊಂದು ಕಾರಣವುಂಟು. ನಾಳೆ ಮಳೆ ಬರುವುದೆಂದು ಹವಾಮಾನ ತಜ್ಞರು ಹೇಳಿದರೆ, ಆ ಮಾತಿನಿಂದ ಮಳೆ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಮೋಡಕ್ಕೆ ಕಿವಿಯಿಲ್ಲ. ಆದರೆ ಈ ಕಾಲು ಹೋಗುವುದೆಂದು ಹೇಳಿದ ಮಾತು ರೋಗಿಯ ಕಿವಿಗೂ, ಮನೆಯವರ ಕಿವಿಗೂ, ಮುಂದಿನ ಆಸ್ಪತ್ರೆಯ ವೈದ್ಯರ ಕಿವಿಗೂ ಬೀಳುತ್ತದೆ. ಅಂಗಚ್ಛೇದನವು ಗ್ರಹಣದಂತೆ ತಾನಾಗಿಯೇ ಸಂಭವಿಸುವ ಘಟನೆಯಲ್ಲ. ಅದು ಮನುಷ್ಯರು ಮಾಡುವ ನಿರ್ಧಾರ. ಅಂಕ ಹೆಚ್ಚೆಂದು ಆಸೆ ಬಿಟ್ಟು, ರಕ್ತನಾಳವನ್ನು ಪರೀಕ್ಷಿಸದೆಯೇ ಕಾಲನ್ನು ತೆಗೆದರೆ, ಮುನ್ಸೂಚನೆ ನಿಜವಾದಂತೆ ತೋರುತ್ತದೆ. ಆ ಕಾಲು ಮುಂದಿನ ಲೆಕ್ಕದಲ್ಲಿ ಸೇರಿ, ಆ ಅಂಕದ ಭಯವನ್ನು ಮತ್ತಷ್ಟು ಹೆಚ್ಚಿಸುತ್ತದೆ. ಹೀಗೆ ಊಹೆಯೇ ತನಗೆ ಸಾಕ್ಷಿಯನ್ನು ಹುಟ್ಟಿಸಿಕೊಳ್ಳುತ್ತದೆ.

ಮಧುಮೇಹಿ ಪಾದದ ಅಂತರರಾಷ್ಟ್ರೀಯ ಕಾರ್ಯಮಂಡಲಿಯು 2023ರ ತನ್ನ ಮಾರ್ಗಸೂಚಿಯಲ್ಲಿ ಇದೇ ಎಚ್ಚರಿಕೆಯನ್ನು ಕೊಟ್ಟಿದೆ. ವೈದ್ಯರು ಪರಸ್ಪರ ವಿಷಯ ತಿಳಿಸಲು ಸಿನ್‌ಬ್ಯಾಡ್ ಕ್ರಮವನ್ನು ಬಳಸಬೇಕೆಂದು ಅದು ಹೇಳುತ್ತದೆ. ಆದರೆ ಒಬ್ಬ ನಿರ್ದಿಷ್ಟ ರೋಗಿಯ ಭವಿಷ್ಯವನ್ನು ನುಡಿಯಲು ಈಗಿರುವ ಯಾವ ಪದ್ಧತಿಯನ್ನೂ ಬಳಸಕೂಡದೆಂದು ಸ್ಪಷ್ಟಪಡಿಸುತ್ತದೆ.

ಹಾಗಾದರೆ ಅಂಕದಿಂದ ಪ್ರಯೋಜನವೇನು? ಗೊರೂರಿನ ಹೇಮಾವತಿ ಜಲಾಶಯದ ಪೂರ್ಣ ಮಟ್ಟ 2922 ಅಡಿ. ಮಳೆಗಾಲದಲ್ಲಿ ಅಲ್ಲಿನ ಎಂಜಿನಿಯರುಗಳು ನೀರಿನ ಮಟ್ಟವನ್ನು ಸದಾ ಗಮನಿಸುತ್ತಿರುತ್ತಾರೆ. ಮಟ್ಟವೇರಿದರೆ ಕೆಳಗಿನ ಊರುಗಳು ಮುಳುಗಿಹೋದವೆಂದು ದಾಖಲೆ ಬರೆದು ಕುಳಿತುಕೊಳ್ಳುವುದಿಲ್ಲ. ಎಚ್ಚರಿಕೆ ಕೊಟ್ಟು, ತೂಬನ್ನು ಹದವರಿತು ತೆರೆಯುತ್ತಾರೆ. ಹೊಳೆಯ ದಡದ ಹೊಳೆನರಸೀಪುರವು ಮಳೆಗಾಲದಲ್ಲಿ ನೆಮ್ಮದಿಯಿಂದ ಮಲಗುವುದು ಆ ಅಳತೆಯ ಬಲದಿಂದ. ಪಾದದ ಅಂಕವೂ ಅಂತಹ ಮಟ್ಟದ ಗುರುತು. ಭೀತಿಯ ಮುನ್ಸೂಚನೆ ಸುಳ್ಳಾಗುವಂತೆ ಮಾಡುವುದೇ ಅದರ ಸಾರ್ಥಕತೆ.

ತಾಲ್ಲೂಕುಗಳಲ್ಲಿ ಆಗಬೇಕಾದದ್ದು

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ಮೂರೂ ಹಾಸನ ನಗರದಿಂದ ಸುಮಾರು ಮೂವತ್ತರಿಂದ ನಲವತ್ತು ಕಿಲೋಮೀಟರ್ ದೂರದಲ್ಲಿವೆ. ಮೂರರಲ್ಲಿಯೂ ಸಾರ್ವಜನಿಕ ಆಸ್ಪತ್ರೆಗಳುಂಟು. ಹಾಸನದಲ್ಲಿ 2006ರಲ್ಲಿ ಪ್ರಾರಂಭವಾದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಅದರ ಬೋಧನಾ ಆಸ್ಪತ್ರೆಯೂ ಇವೆ. ಅಲ್ಲಿಂದ ಮುಂದೆ ಸುಮಾರು 185 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ರಕ್ತನಾಳಗಳ ವಿಶೇಷ ಚಿಕಿತ್ಸೆಯೂ, ಮಧುಮೇಹ ಮತ್ತು ಗ್ರಂಥಿರೋಗಗಳಿಗೆಂದೇ ಸರ್ಕಾರದ ಸಂಸ್ಥೆಯೂ ದೊರೆಯುತ್ತವೆ. ಎಷ್ಟೋ ಕಾಲುಗಳ ಅಳಿವು ಉಳಿವು ಈ ದಾರಿಯಲ್ಲಿ ರೋಗಿ ಯಾವ ದಿನ ಹೊರಟನೆಂಬುದರ ಮೇಲೆ ನಿಂತಿದೆ. ಆದುದರಿಂದ ನಾವು ಸೂಚಿಸುವುದು ಇಷ್ಟು.

ಮೊದಲನೆಯದಾಗಿ, ಪಾದದ ಹುಣ್ಣಿನೊಡನೆ ಬಂದ ಪ್ರತಿ ಮಧುಮೇಹಿಯ ಚೀಟಿಯಲ್ಲಿ ಆರು ಉತ್ತರಗಳನ್ನೂ ಮೊದಲ ಭೇಟಿಯಲ್ಲಿಯೇ ಬರೆಯಬೇಕು. ಮೊತ್ತವನ್ನು ಮಾತ್ರ ಬರೆದರೆ ಸಾಲದು. ಯಾವುದರಿಂದ ಅಂಕ ಬಂದಿತೆಂಬುದು ಮುಖ್ಯ. ನಾಡಿ ಸಿಗದೆ ಬಂದ 3ಕ್ಕೂ, ವಿಸ್ತೀರ್ಣ ಆಳಗಳಿಂದ ಬಂದ 3ಕ್ಕೂ ಚಿಕಿತ್ಸೆ ಬೇರೆ.

ಎರಡನೆಯದಾಗಿ, ನಾಡಿ ಸಿಗದೆ ಸೋಂಕೂ ಇದ್ದರೆ, ಅಥವಾ ಸೋಂಕಿನೊಡನೆ ಜ್ವರ, ಚಳಿ, ಕೊಳೆತ ಕಂಡರೆ, ಆ ದಿನವೇ ಹಾಸನಕ್ಕೆ ಕಳುಹಿಸಬೇಕು. ನಾಳೆಗೆಂದು ಮುಂದೂಡುವಂತಿಲ್ಲ. ಹರಡಿನಲ್ಲಿ ರಕ್ತದ ಒತ್ತಡ 50 ಮಿಲಿಮೀಟರಿಗಿಂತಲೂ ಕಾಲ್ಬೆರಳಿನಲ್ಲಿ 30 ಮಿಲಿಮೀಟರಿಗಿಂತಲೂ ಕಡಿಮೆಯಿದ್ದರೆ ರಕ್ತನಾಳದ ತಡೆಯನ್ನು ತೆರೆಯುವ ಯೋಚನೆ ತುರ್ತಾಗಿ ನಡೆಯಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಮಧುಮೇಹಿಗಳ ರಕ್ತನಾಳಗಳಲ್ಲಿ ಸುಣ್ಣ ಕಟ್ಟಿ ಗಡುಸಾಗುವುದರಿಂದ ಹರಡಿನ ಒತ್ತಡ ಸುಳ್ಳಾಗಿಯೂ ಹೆಚ್ಚು ತೋರಬಹುದೆಂಬುದನ್ನು ಮರೆಯಬಾರದು.

ಮೂರನೆಯದಾಗಿ, ಹುಣ್ಣನ್ನು ವಾರಕ್ಕೊಮ್ಮೆ ಅಳೆಯಬೇಕು. 2003ರಲ್ಲಿ ಪ್ರಕಟವಾದ, 203 ರೋಗಿಗಳ ಅಧ್ಯಯನವೊಂದು ಇದರ ಮಹತ್ತ್ವವನ್ನು ತೋರಿಸಿದೆ. ನಾಲ್ಕು ವಾರಗಳಲ್ಲಿ ವಿಸ್ತೀರ್ಣವು ಅರ್ಧಕ್ಕಿಂತ ಹೆಚ್ಚು ಕುಗ್ಗಿದವರಲ್ಲಿ, ಹನ್ನೆರಡು ವಾರಗಳೊಳಗೆ ನೂರಕ್ಕೆ 58 ಮಂದಿಯ ಹುಣ್ಣು ಮಾಯ್ದಿತು. ಅಷ್ಟು ಕುಗ್ಗದವರಲ್ಲಿ ಮಾಯ್ದದ್ದು ನೂರಕ್ಕೆ 9 ಮಾತ್ರ. ಮೊದಲ ದಿನದ ಅಂಕಕ್ಕಿಂತ ನಾಲ್ಕು ವಾರಗಳ ನಡೆಯೇ ಹೆಚ್ಚು ಮಾತನಾಡುತ್ತದೆ. ಇದಕ್ಕೆ ಬೇಕಾದದ್ದು ಪಾರದರ್ಶಕವಾದ ಒಂದು ಹಾಳೆ ಮತ್ತು ಚೌಕುಳಿ ಕಾಗದ. ಹುಣ್ಣಿನ ಅಂಚನ್ನು ಹಾಳೆಯ ಮೇಲೆ ಗುರುತಿಸಿ, ಚೌಕುಳಿಗಳನ್ನು ಎಣಿಸಿದರಾಯಿತು. ನಾಲ್ಕನೆಯ ವಾರಕ್ಕೆ ಅರ್ಧವಾದರೂ ಕುಗ್ಗದ ಹುಣ್ಣಿಗೆ ಅದೇ ಮುಲಾಮು, ಅದೇ ಪಟ್ಟಿಯನ್ನು ಮುಂದುವರಿಸುತ್ತ ಹೋಗುವುದು ಸಲ್ಲದು. ಭಾರ ತಪ್ಪಿಸಲಾಗಿದೆಯೇ, ರಕ್ತ ಹರಿಯುತ್ತಿದೆಯೇ, ಮೂಳೆ ಕೆಟ್ಟಿದೆಯೇ ಎಂದು ಹೊಸದಾಗಿ ವಿಚಾರಿಸಿ, ಮೇಲಿನ ಆಸ್ಪತ್ರೆಗೆ ಕಳುಹಿಸಬೇಕು.

ನಾಲ್ಕನೆಯದಾಗಿ, ಹಾಸನದಲ್ಲಿ ಇಡೀ ಜಿಲ್ಲೆಗೆ ಒಂದೇ ಪಾದದ ದಾಖಲೆ ಪುಸ್ತಕವಿರಬೇಕು. ಯಾವ ತಾಲ್ಲೂಕಿನಿಂದ, ಹುಣ್ಣಾದ ಎಷ್ಟನೆಯ ದಿನ, ಎಷ್ಟು ಅಂಕದೊಡನೆ ರೋಗಿ ಬಂದನು, ಒಂದು ವರ್ಷದ ಮೇಲೆ ಅವನೂ ಅವನ ಕಾಲೂ ಹೇಗಿವೆ, ಎಂಬ ವಿವರಗಳನ್ನು ಹೆಸರಿಲ್ಲದೆ ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಚೀಟಿ ಬರೆಸಿಕೊಂಡೂ ಹಾಸನಕ್ಕೆ ಹೋಗದೆ ಉಳಿದವರನ್ನೂ ಲೆಕ್ಕದಲ್ಲಿ ಸೇರಿಸಬೇಕು. ಬಂದವರನ್ನು ಮಾತ್ರ ಎಣಿಸಿದರೆ ಸತ್ಯದ ಅರ್ಧವೇ ತಿಳಿದೀತು.

ಆಕ್ಷೇಪಗಳಿಗೆ ಸಮಾಧಾನ

ತಾಲ್ಲೂಕು ವೈದ್ಯರಿಗೆ ರೋಗಿಗಳ ಗುಂಪಿನ ನಡುವೆ ಇದಕ್ಕೆಲ್ಲ ವೇಳೆಯೆಲ್ಲಿ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆರು ಉತ್ತರಗಳಿಗೆ ಹಿಡಿಯುವುದು ಕೆಲವು ನಿಮಿಷಗಳು. ತರಬೇತಿ ಪಡೆದ ದಾದಿಯೂ ಅಳತೆಯ ಕೆಲಸವನ್ನು ಮಾಡಬಲ್ಲಳು. ಕೊಳೆತ ಪಾದಕ್ಕೆ ತಿಂಗಳುಗಟ್ಟಲೆ ಮಾಡಬೇಕಾದ ಶುಶ್ರೂಷೆಯ ಮುಂದೆ ಇದು ದೊಡ್ಡದಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜ.

ಫಲವನ್ನು ಮೊದಲೇ ತಿಳಿಸದಿದ್ದರೆ ಮನೆಯವರು ಹಣ ಹೊಂದಿಸುವುದು ಹೇಗೆ, ಮನಸ್ಸನ್ನು ಸಿದ್ಧಪಡಿಸಿಕೊಳ್ಳುವುದು ಹೇಗೆ ಎಂಬುದು ಇನ್ನೊಂದು ಆಕ್ಷೇಪ. ತಿಳಿಯುವ ಹಕ್ಕು ಅವರಿಗಿದೆ. ಅಪಾಯ ಎಷ್ಟು ದೊಡ್ಡದು, ಯಾವುದರಿಂದ ಬಂದಿದೆ, ಇನ್ನೂ ಏನೇನು ಮಾಡಬಹುದು, ಎಲ್ಲಿ ಮಾಡಬಹುದು ಎಂಬ ನಾಲ್ಕು ಮಾತುಗಳನ್ನು ತಿಳಿಗನ್ನಡದಲ್ಲಿ ಹೇಳುವುದು ವೈದ್ಯನ ಕರ್ತವ್ಯ. ಬರಿಯ ಸಂಖ್ಯೆಯೊಂದನ್ನು ಹೇಳಿ ಸುಮ್ಮನಾಗುವುದರಿಂದ ಆ ಕರ್ತವ್ಯ ಮುಗಿಯುವುದಿಲ್ಲ.

ಅಂಗಚ್ಛೇದನವೇ ಕೂಡದೆಂದು ನಾವು ವಾದಿಸುತ್ತಿಲ್ಲ. ಸೋಂಕು ರಕ್ತಕ್ಕೇರಿ ಪ್ರಾಣವೇ ಅಪಾಯದಲ್ಲಿರುವಾಗ ಕಾಲನ್ನು ತೆಗೆಯುವುದೇ ಜೀವದಾನ. ಆಗ ತಡಮಾಡುವುದು ಕೊಲ್ಲುತ್ತದೆ. ಆದರೆ ಹರಡಿಗಿಂತ ಮೇಲಿನ ಛೇದನದ ಪರಿಣಾಮ ಎಂತಹುದೆಂಬುದನ್ನೂ ತಿಳಿದಿರಬೇಕು. ಅನೇಕ ಅಧ್ಯಯನಗಳನ್ನು ಕ್ರೋಡೀಕರಿಸಿ 2020ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅಂತಹ ಛೇದನವಾದವರಲ್ಲಿ ನೂರಕ್ಕೆ ಸುಮಾರು 57 ಮಂದಿ ಐದು ವರ್ಷಗಳೊಳಗೆ ತೀರಿಕೊಳ್ಳುತ್ತಾರೆ. ಎಲ್ಲ ಬಗೆಯ ಕ್ಯಾನ್ಸರುಗಳನ್ನೂ ಒಟ್ಟಿಗೆ ತೆಗೆದುಕೊಂಡರೆ ಆ ಸಂಖ್ಯೆ ಸುಮಾರು 31. ಈ ಮರಣಗಳಿಗೆ ಛೇದನವೊಂದೇ ಕಾರಣವಲ್ಲ. ಕಾಲಿನ ರಕ್ತನಾಳಗಳನ್ನು ಕೆಡಿಸಿದ ರೋಗವೇ ಹೃದಯದ ನಾಳಗಳನ್ನೂ ಕೆಡಿಸಿರುತ್ತದೆ. ಆದುದರಿಂದಲೇ, ಪ್ರಾಣಾಪಾಯದ ತುರ್ತು ಇಲ್ಲದಿರುವಾಗ ರಕ್ತಸಂಚಾರವನ್ನು ಪರೀಕ್ಷಿಸದೆ ಯಾವ ಕಾಲನ್ನೂ ತೆಗೆಯಬಾರದೆಂಬುದು ನಿಯಮವಾಗಬೇಕೆಂದು ನಮ್ಮ ಒತ್ತಾಯ.

ವಿದ್ಯಾರ್ಥಿಗಳ ಪಾಲು

ಈ ಕಾರ್ಯದಲ್ಲಿ ಓದುಗರಾದ ವಿದ್ಯಾರ್ಥಿಗಳಿಗೂ ಒಂದು ಪಾಲಿದೆ. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ವೈದ್ಯರು 2011ರಲ್ಲಿ ಒಂದು ಸರಳ ಪರೀಕ್ಷೆಯನ್ನು ಪ್ರಕಟಿಸಿದರು. ಮಧುಮೇಹವಿರುವ ಅಜ್ಜಿಯನ್ನೋ ತಂದೆಯನ್ನೋ ಕಣ್ಣು ಮುಚ್ಚಿಕೊಳ್ಳಲು ಹೇಳಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಕ್ಷಣ ಹಗುರವಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ. ಮುಟ್ಟಿದಾಗಲೆಲ್ಲ ಅವರು ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಸ್ಪರ್ಶಗಳು ಅವರಿಗೆ ತಿಳಿಯದೆ ಹೋದರೆ ಆ ಪಾದ ಅಪಾಯದಲ್ಲಿದೆ; ಹುಣ್ಣಾಗುವ ಮೊದಲೇ ವೈದ್ಯರಿಗೆ ತೋರಿಸತಕ್ಕದ್ದು. ಆಣಿಯನ್ನು ಬ್ಲೇಡಿನಿಂದ ಕೆತ್ತಿಕೊಳ್ಳದಂತೆ, ಹಂಡೆಯ ನೀರಿನ ಬಿಸಿಯನ್ನು ಕಾಲಿನಿಂದ ನೋಡದೆ ಮೊಳಕೈಯಿಂದ ನೋಡುವಂತೆ, ಹೊಲಕ್ಕೆ ಮೆಟ್ಟು ಮೆಟ್ಟಿಯೇ ಹೋಗುವಂತೆ ಅವರಿಗೆ ತಿಳಿಸಿರಿ. ಒಮ್ಮೆ ಮಾಯ್ದ ಹುಣ್ಣು ಒಂದು ವರ್ಷದಲ್ಲಿ ನೂರಕ್ಕೆ ಸುಮಾರು 40 ಮಂದಿಯಲ್ಲಿ ಮರುಕಳಿಸುತ್ತದೆ. ಆದುದರಿಂದ ದಿನವೂ ಅಂಗಾಲನ್ನು ನೋಡುವ ಅಭ್ಯಾಸ ಹುಣ್ಣು ಮಾಯ್ದ ಮೇಲೂ ನಿಲ್ಲಕೂಡದು. ಮುಪ್ಪಿನಲ್ಲಿ ಬಾಗಿ ತಮ್ಮ ಅಂಗಾಲನ್ನು ತಾವೇ ನೋಡಿಕೊಳ್ಳಲಾರದವರಿಗೆ ಎಳೆಯ ಕಣ್ಣುಗಳೇ ಕನ್ನಡಿ.

ಅಳತೆಯಿಲ್ಲದೆ ವಿಜ್ಞಾನವಿಲ್ಲ. ಆದರೆ ಯಾವುದನ್ನು ಏತಕ್ಕಾಗಿ ಅಳೆಯುತ್ತೇವೆಂಬ ವಿವೇಕ ಅಳತೆಗೋಲಿನೊಳಗೆ ಇರುವುದಿಲ್ಲ. ಅದನ್ನು ಹಿಡಿದವರು ತರಬೇಕು. ಅರಕಲಗೂಡಿನ ಚೀಟಿಯೊಂದರ ಮೇಲೆ ಬರೆದ 4 ಎಂಬ ಅಂಕವನ್ನು ಕಂಡ ಹಾಸನದ ವೈದ್ಯರು, ಈ ಕಾಲಿಗೆ ಇಂದೇ ಏನು ಮಾಡಬೇಕೆಂದು ಕೇಳಿಕೊಂಡರೆ, ಆ ಅಂಕವನ್ನು ಬರೆದದ್ದು ಸಾರ್ಥಕವಾಯಿತು.